ಹೊಟ್ಟು ಬೀಳದ ಚಂದ್ರ

ಯಾವುದೇ ವಸ್ತು ದುಂಡಗಿದೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ಗೋಳಿ ಮೇಸ್ತ್ರಿ ನಂಬುತ್ತಿರಲಿಲ್ಲ. ಜೇಬಿನಿಂದ ಕ್ಯಾಲಿಪರ್ ತೆಗೆಯುತ್ತಿದ್ದರು. ಏಡಿಯ ಕಾಲಿನಂತೆ ಬಾಗಿದ ಎರಡು ಕಾಲುಗಳ ಆ ಉಕ್ಕಿನ ಅಳತೆಗೋಲು ಇಪ್ಪತ್ತೆಂಟು ವರ್ಷದಿಂದ ಅವರ ಅಂಗಿಯ ಎಡಜೇಬಿನಲ್ಲಿ ವಾಸವಾಗಿತ್ತು. ಊಟದ ತಟ್ಟೆ, ಡಾಕ್ಟರು ಕೊಟ್ಟ ಮಾತ್ರೆ, ಪಕ್ಕದ ಮನೆಯವರ ಬೋಳುತಲೆ, ಎಲ್ಲದಕ್ಕೂ ಅದರ ಕಾಲು ತಾಗಿತ್ತು. ಪಕ್ಕದ ಮನೆಯವರು ಅಂದಿನಿಂದ ಟೋಪಿ ಹಾಕುತ್ತಾರೆ. ಅಳೆದಾದ ಮೇಲೆ ಮೇಸ್ತ್ರಿ ಕಣ್ಣು ಕಿರಿದು ಮಾಡಿ ಕೇಳುವುದು ಒಂದೇ ಪ್ರಶ್ನೆ: "ಇದು ದುಂಡಗಿದೆ ಅಂತ ನಿಮಗೆ ಯಾರು ಹೇಳಿದ್ದು?"

ಅವರು ವಿಜ್ಞಾನ ಭವನದ ಲೇತ್ ಕೋಣೆಯ ಮೇಸ್ತ್ರಿ. ಗಿರಗಿರ ತಿರುಗುವ ಮರದ ತುಂಡಿಗೆ ಉಳಿ ಹಿಡಿದು, ಹೊಟ್ಟು ಹಾರಿಸಿ, ಉಂಡೆ ಇಳಿಸುವುದು ಅವರ ಕಸುಬು. ಭವನದಲ್ಲಿ ಮಕ್ಕಳು ತಿರುಗಿಸಿ ನೋಡುವ ಭೂಗೋಳದಿಂದ ಹಿಡಿದು ನಿರ್ದೇಶಕರ ಕುರ್ಚಿಯ ಕಾಲಿನ ಗುಬುಟಿನವರೆಗೆ ದುಂಡಗಿದ್ದದ್ದೆಲ್ಲ ಅವರ ಕೈಯದೇ. ದುಂಡಗಿಲ್ಲದ್ದು ಬೇರೆಯವರದು, ಅದಕ್ಕೆ ಅವರು ಜವಾಬ್ದಾರರಲ್ಲ.

ಇಂಥ ಮನುಷ್ಯನ ತಲೆಯ ಮೇಲೆ ಆ ವರ್ಷ ಒಂದು ಸುತ್ತೋಲೆ ಬಿತ್ತು. ಭವನದ ದೊಡ್ಡ ಹಜಾರಕ್ಕೆ ಹೊಸ ಗ್ರಹಮಂಡಲ ಬೇಕು. ಮೇಸ್ತ್ರಿ ಮಾಡಿದ್ದನ್ನು ಸಮಿತಿ ಮೆಚ್ಚಿದರೆ ಲೇತ್ ಕೋಣೆ ಉಳಿಯುತ್ತದೆ. ಮೆಚ್ಚದಿದ್ದರೆ ಕಾರ್ಖಾನೆಯಿಂದ ಫೈಬರ್ ಗೋಳ ತರಿಸುವುದು, ಲೇತನ್ನು ಗುಜರಿಗೆ ಹಾಕುವುದು, ಮೇಸ್ತ್ರಿಯನ್ನು ಟಿಕೆಟ್ ಕೌಂಟರಿನಲ್ಲಿ ಕೂರಿಸುವುದು.

"ಟಿಕೆಟ್ಟು!" ಎಂದು ಮೇಸ್ತ್ರಿ ಮನೆಯಲ್ಲಿ ಹೆಂಡತಿಯ ಮುಂದೆ ಗೋಳಾಡಿದರು. "ಜನ್ಮ ಪೂರ್ತಿ ಉಂಡೆ ಮಾಡಿದವನು ಈ ವಯಸ್ಸಲ್ಲಿ ಕೂತ್ಕೊಂಡು ಚೌಕ ಹರೀಬೇಕಾ?"

"ಕೂತ್ಕೊಂಡೇ ಕೆಲಸ ಅಲ್ವಾ? ಕಾಲುನೋವು ಕಮ್ಮಿ ಆಗುತ್ತೆ," ಎಂದಳು ಹೆಂಡತಿ. ಮೇಸ್ತ್ರಿ ಅವಳನ್ನೂ ಅನುಮಾನದಿಂದ ನೋಡಿದರು.

ಮರುದಿನ ನಕ್ಷೆ ಬಂತು. ತಂದವರು ಭವನಕ್ಕೆ ಹೊಸದಾಗಿ ಸೇರಿದ್ದ ವಿಜ್ಞಾನದ ಮೇಡಂ. ಎಂಟು ಗ್ರಹ, ಒಂಬತ್ತು ಚಂದ್ರ. ಮೇಸ್ತ್ರಿ ಕನ್ನಡಕ ಏರಿಸಿ ಓದುತ್ತಾ ಹೋದರು, ಶನಿಯ ಹತ್ತಿರ ನಿಂತರು. ಅಡ್ಡಕ್ಕೆ ನಲವತ್ತು ಸೆಂಟಿಮೀಟರ್, ಉದ್ದಕ್ಕೆ ಮೂವತ್ತಾರು.

"ಮೇಡಂ, ಶನಿ ಲೆಕ್ಕದಲ್ಲಿ ತಪ್ಪಿದೆ. ನಾಲ್ಕು ಸೆಂಟಿಮೀಟರು ಯಾರೋ ತಿಂದಿದ್ದಾರೆ."

"ಯಾರೂ ತಿಂದಿಲ್ಲ ಮೇಸ್ತ್ರಿ. ಶನಿ ಇರೋದೇ ಹಾಗೆ. ಭಾರೀ ಜೋರಾಗಿ ತಿರುಗುತ್ತಲ್ಲ, ಸೊಂಟ ಉಬ್ಬಿದೆ, ನೆತ್ತಿ ತಗ್ಗಿದೆ."

"ನಮ್ಮ ಲೇತೂ ಜೋರಾಗೇ ತಿರುಗುತ್ತೆ. ಇಪ್ಪತ್ತೆಂಟು ವರ್ಷದಲ್ಲಿ ಒಂದಕ್ಕೂ ಸೊಂಟ ಉಬ್ಬಿಲ್ಲ."

ಮೇಡಂ ನಕ್ಕರು. ಮೇಸ್ತ್ರಿ ನಗಲಿಲ್ಲ, ಕಡೆಯ ಸಾಲು ಓದುತ್ತಿದ್ದರು. ಅಲ್ಲಿ ಮಂಗಳನ ದೊಡ್ಡ ಚಂದ್ರ ಎಂದಿತ್ತು. ಅಳತೆಯ ಜಾಗದಲ್ಲಿ ಅಳತೆಯೇ ಇರಲಿಲ್ಲ. ಆಲೂಗಡ್ಡೆ ಆಕಾರ ಎಂದು ಬರೆದಿತ್ತು.

"ಇದನ್ಯಾವನು ಬರೆದಿದ್ದು?"

"ನಾನೇ. ಅದು ಪುಟ್ಟ ಚಂದ್ರ. ಉಂಡೆ ಆಗೋಷ್ಟು ತೂಕ ಅದಕ್ಕಿಲ್ಲ."

"ಉಂಡೆ ಆಗಕ್ಕೆ ತೂಕ ಯಾಕೆ? ಮೇಸ್ತ್ರಿ ಬೇಕು, ಅಷ್ಟೇ."

ಮೇಡಂ ಸ್ಟೂಲು ಎಳೆದುಕೊಂಡು ಕೂತರು. "ಈಗ ನೋಡಿ, ತುಂಬಿದ ಬಸ್ಸು. ಎಲ್ಲರೂ ನಡುವಿಗೇ ನುಗ್ತಿದ್ದಾರೆ. ಅದರಲ್ಲಿ ನೀವು ಮೊಣಕೈ ಚಾಚಿ ನಿಂತ್ಕೊಳ್ಳಕ್ಕಾಗುತ್ತಾ? ತಳ್ಳಿ ತಳ್ಳಿ ಒಳಗೆ ಸೇರಿಸ್ತಾರೆ. ದೊಡ್ಡ ಗ್ರಹ ಅಂದ್ರೆ ಹಾಗೆ. ಅದರ ಒಂದೊಂದು ಕಲ್ಲನ್ನೂ ಗುರುತ್ವಾಕರ್ಷಣೆ ನಡುವಿಗೆ ಎಳೀತಿರುತ್ತೆ. ಯಾವ ಬೆಟ್ಟಾನೂ ಅತಿಯಾಗಿ ತಲೆ ಎತ್ತೋ ಹಾಗಿಲ್ಲ. ಎಳೆದೂ ಎಳೆದೂ ಕೊನೆಗೆ ಉಂಡೆ ಆಗುತ್ತೆ. ಪುಟ್ಟ ಚಂದ್ರ ಖಾಲಿ ಬಸ್ಸಿದ್ದ ಹಾಗೆ. ಎಳೆಯೋ ಬಲ ಸಾಲಲ್ಲ, ಯಾರು ಹೇಗೆ ಬೇಕಾದ್ರೂ ಕಾಲು ಚಾಚಿ ಮಲಗಬಹುದು."

ಮೇಸ್ತ್ರಿ ಕ್ಯಾಲಿಪರ್ ತೆಗೆದು ನಕ್ಷೆಯ ಮೇಲಿಟ್ಟರು. ಆಮೇಲೆ ಪೊಲೀಸಿನವರ ಹಾಗೆ ಒಂದೊಂದೇ ಪ್ರಶ್ನೆ ಹಾಕಿದರು.

"ಉಳಿ ಹಿಡಿಯೋರು ಯಾರು?"

"ಯಾರೂ ಇಲ್ಲ."

"ಕರೆಂಟು?"

"ಬೇಡ."

"ಹೊಟ್ಟು ಎಲ್ಲಿ ಬೀಳುತ್ತೆ?"

"ಹೊರಗೆಲ್ಲೂ ಬೀಳಲ್ಲ ಮೇಸ್ತ್ರಿ. ಬಿದ್ದರೂ ಅದರ ಮೇಲೇ ಬೀಳುತ್ತೆ."

ಅಲ್ಲಿಗೆ ಮೇಸ್ತ್ರಿಗೆ ಖಾತ್ರಿಯಾಯಿತು. ಉಳಿ ಇಲ್ಲ, ಕರೆಂಟಿಲ್ಲ ಎಂದರೆ ಹೇಗೋ ಒಪ್ಪಬಹುದು. ಹೊಟ್ಟು ಬೀಳದೆ ಜಗತ್ತಿನಲ್ಲಿ ಯಾವುದೂ ಉಂಡೆಯಾಗಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಅವರು ಹಾಲಿನವನ ಮೇಲೆ ಮಾತ್ರವಲ್ಲ, ಸೌರಮಂಡಲದ ಮೇಲೂ ಪ್ರಯೋಗಿಸಬಲ್ಲವರು. ಈ ನಕ್ಷೆಯ ಹಿಂದೆ ಏನೋ ಇದೆ ಎಂದುಕೊಂಡು, ವಿಚಾರಿಸಲು ನೇರವಾಗಿ ನಿರ್ದೇಶಕರ ಕೋಣೆಗೆ ನಡೆದರು.

ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಾತಾಡುತ್ತಿದ್ದವನು ಮೇಸ್ತ್ರಿಯ ಷಡ್ಡಕ. ಹೆಂಡತಿಯ ತಂಗಿಯ ಗಂಡನಾದ ಈತ ಅದೇ ಭವನದಲ್ಲಿ ಸ್ಟೋರ್ ಕೀಪರು. ತೆಳ್ಳಗೆ, ಸದಾ ಮುಗುಳ್ನಗುವ ಮನುಷ್ಯ. ಸದಾ ಮುಗುಳ್ನಗುವವರ ಬಗ್ಗೆ ಮೇಸ್ತ್ರಿಗೆ ಮೊದಲಿನಿಂದಲೂ ಒಳ್ಳೆಯ ಅಭಿಪ್ರಾಯವಿರಲಿಲ್ಲ.

"ಅಣ್ಣನಿಗೆ ಈಗ ಮೊದಲಿನ ಹಾಗೆ ಆಗಲ್ಲ ಸಾರ್," ಎನ್ನುತ್ತಿದ್ದ ಷಡ್ಡಕ. "ಕಣ್ಣೂ ಅಷ್ಟಕ್ಕಷ್ಟೆ. ಆ ಲೇತ್ ಕೋಣೆ ವಿಷಯ ತಾವು ಬೇಗ ಒಂದು ತೀರ್ಮಾನ ಮಾಡ್ಬೇಕು."

"ನೋಡೋಣ," ಎಂದರು ನಿರ್ದೇಶಕರು. ಅವರು ಯಾವುದಕ್ಕೂ ಹಾಗೇ ಹೇಳುತ್ತಿದ್ದರು. ಬೆಂಕಿ ಬಿದ್ದಿದೆ ಸಾರ್ ಎಂದರೂ ನೋಡೋಣ ಎನ್ನುತ್ತಿದ್ದರು.

ಮೇಸ್ತ್ರಿ ಹಿಂದೆ ಸರಿದರು. ಎಲ್ಲವೂ ಬೆಳಕಿನಂತೆ ಸ್ಪಷ್ಟವಾಯಿತು. ಸೊಟ್ಟ ನಕ್ಷೆ ಕೊಟ್ಟು ಸೊಟ್ಟ ಶನಿ ಮಾಡಿಸುವುದು. ಸಮಿತಿಯವರು ಬಂದಾಗ ಅಳತೆ ಹಿಡಿದು ನೋಡಿ, ಮುದುಕನ ಕೈ ನಡುಗುತ್ತೆ, ಶನಿ ಚಪ್ಪಟೆಯಾಗಿದೆ ಎನ್ನುವುದು. ಲೇತು ಗುಜರಿಗೆ, ಮೇಸ್ತ್ರಿ ಕೌಂಟರಿಗೆ. ಮೇಡಂ ಪಾಪದವಳು, ಅವಳಿಗೆ ಗುರುತ್ವಾಕರ್ಷಣೆ ಅಂತ ಕಥೆ ಕಟ್ಟಿ ನಂಬಿಸಿದ್ದಾರೆ. ಆಹಾ ಷಡ್ಡಕನೇ!

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಉಪಾಯವೊಂದನ್ನು ಮೇಸ್ತ್ರಿ ಹೂಡಿದರು. ಗ್ರಹಮಂಡಲ ಎರಡು ಜೊತೆ ಮಾಡುವುದು. ಒಂದು ಜೊತೆ ನಕ್ಷೆಯಲ್ಲಿದ್ದಂತೆ, ಉಬ್ಬುತಗ್ಗು ಸಮೇತ. ಇನ್ನೊಂದು ಅಪ್ಪಟ ದುಂಡಗೆ, ಯಾರಿಗೂ ಹೇಳದೆ ಬೀರುವಿನಲ್ಲಿ, ಆಪತ್ಕಾಲಕ್ಕೆ. ಜೊತೆಗೆ, ಸೊಟ್ಟ ಇರುವ ಕಡೆಯಲ್ಲೆಲ್ಲ ಬರವಣಿಗೆಯಲ್ಲಿ ಒಪ್ಪಿಗೆ.

"ಇಲ್ಲಿ ಸೈನ್ ಹಾಕಿ ಮೇಡಂ," ಎಂದು ಅವರು ಸಂಜೆ ಒಂದು ಕಾಗದ ಹಿಡಿದರು. ಶನಿಯ ನೆತ್ತಿ ತಗ್ಗಿಸಲು ಅಪ್ಪಣೆಯಾಗಿದೆ, ಇದರಲ್ಲಿ ಮೇಸ್ತ್ರಿಯ ಕೈವಾಡವಿಲ್ಲ ಎಂದು ಬರೆದಿತ್ತು. ಮೇಡಂ ಹಾಕಿದರು. ಮರುದಿನ ಶನಿಯ ಪಾದ ತಗ್ಗಿಸಲು ಇನ್ನೊಂದು ಬಂತು. ಅದಕ್ಕೂ ಹಾಕಿದರು. ಮೂರನೆಯ ದಿನ ಮಂಗಳನ ಚಂದ್ರ ಬಂತು, ಅದರ ಕಾಗದದಲ್ಲಿ ಹನ್ನೊಂದು ಸಾಲು ಖಾಲಿ ಬಿಟ್ಟಿತ್ತು.

"ತಗ್ಗು ಒಂದು ಎಲ್ಲಿ? ತಗ್ಗು ಎರಡು ಎಲ್ಲಿ? ಆಳ ಎಷ್ಟು? ಬರೆದು ಸೈನ್ ಹಾಕಿ."

"ಎಲ್ಲಿ ಬೇಕಾದ್ರೂ ಇರಲಿ ಮೇಸ್ತ್ರಿ."

"ಎಲ್ಲಿ ಬೇಕಾದ್ರೂ ಅಂದ್ರೆ?"

"ಅಂದ್ರೆ… ನಿಮಗೆ ತೋಚಿದ ಹಾಗೆ. ಒಂದು ಆಲೂಗಡ್ಡೆ ಮುಂದೆ ಇಟ್ಕೊಂಡು ಮಾಡಿಬಿಡಿ."

ಇಪ್ಪತ್ತೆಂಟು ವರ್ಷದಲ್ಲಿ ಯಾರೂ ಅವರಿಗೆ ತೋಚಿದ ಹಾಗೆ ಮಾಡಿ ಎಂದಿರಲಿಲ್ಲ. ತಮಗೆ ತೋಚಿದ ತಗ್ಗು ಎಂದರೆ ತಮ್ಮದೇ ತಪ್ಪು. ಆಲೂಗಡ್ಡೆ ನೋಡಿ ಮಾಡಿದರೆ ತಪ್ಪು ಆಲೂಗಡ್ಡೆಯದು. ಆದ್ದರಿಂದ ನಾಳೆ ಯಾರೂ ಬೆರಳು ತೋರಿಸಲಾಗದಂಥ ಆಲೂಗಡ್ಡೆ ಬೇಕು, ಸಾಕ್ಷಿ ಹೇಳಬಲ್ಲ ಆಲೂಗಡ್ಡೆ.

ಬೆಳಗ್ಗೆ ಅವರು ತರಕಾರಿ ಅಂಗಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಒಂದೊಂದೇ ಗಡ್ಡೆ ಎತ್ತಿ ಅಡ್ಡ ಅಳೆದರು, ಉದ್ದ ಅಳೆದರು, ಮೂಸಿದರು, ಪಕ್ಕಕ್ಕಿಟ್ಟರು. "ಇದು ದುಂಡಗಾಯ್ತು. ಇದಕ್ಕೆ ಸೊಂಟ ಜಾಸ್ತಿ. ಇದರ ಮೂತಿ ಯಾಕೋ ನಂಬಿಕಸ್ತಂದಲ್ಲ." ಇಡೀ ಚೀಲ ಖಾಲಿಯಾಯಿತು.

ಅಂಗಡಿಯವನು ಮೊದಲು ನಕ್ಕ. ಎರಡನೆಯ ಚೀಲಕ್ಕೆ ಕೈ ಹಾಕಿದಾಗ ಅವನ ಮುಖ ಬಿಳಿಚಿಕೊಂಡಿತು. ಕ್ಯಾಲಿಪರ್ ಹಿಡಿದು ಗಡ್ಡೆ ಅಳೆಯುವವನು ಸರಕಾರದ ಕಡೆಯವನಲ್ಲದೆ ಇನ್ಯಾರು? "ಸಾಹೇಬ್ರೇ, ನಮ್ಮ ತಕ್ಕಡಿ ಸರಿಯಾಗಿದೆ," ಎಂದ, ಯಾರೂ ಕೇಳದಿದ್ದರೂ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಕೊನೆಗೆ ಮೇಸ್ತ್ರಿ ಒಂದನ್ನು ಎತ್ತಿ ಹಿಡಿದು "ಇದು. ಇದೊಂದು ಸಾಕು," ಎಂದಾಗ ಅವನು ಐದು ಕೆಜಿ ಉಚಿತವಾಗಿ ಕಟ್ಟಿಕೊಟ್ಟು ಅಂಗಡಿಯ ಬಾಗಿಲು ಎಳೆದುಕೊಂಡ.

ಮನೆಯಲ್ಲಿ ಮೇಸ್ತ್ರಿ ಆ ಒಂದನ್ನು ಊಟದ ಮೇಜಿನ ಮೇಲಿಟ್ಟು, ಎದುರು ಕೂತು, ಸುತ್ತಲೂ ಪೆನ್ಸಿಲಿನಿಂದ ತಗ್ಗುಗಳಿಗೆ ನಂಬರು ಹಾಕಿದರು. "ನೀನು ಸಾಕ್ಷಿ. ಯಾರು ಕೇಳಿದ್ರೂ ಹೀಗೇ ಇದ್ದೆ ಅನ್ನಬೇಕು," ಎಂದರು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೇಳಿಸಿಕೊಂಡು ತಣ್ಣಗೆ ಒಳಗೆ ಹೋಗಿ ತಂಗಿಗೆ ಫೋನ್ ಮಾಡಿದಳು.

"ಕೇಳೇ, ನಿಮ್ಮ ಭಾವ ಆಲೂಗಡ್ಡೆ ಜೊತೆ ಮಾತಾಡ್ತಿದ್ದಾರೆ."

"ಅದೇನಂತೆ?"

"ಅದು ಸುಮ್ಮನಿದೆ."

"ಅಯ್ಯೋ!" ಎಂದಳು ತಂಗಿ, ಆಲೂಗಡ್ಡೆ ಉತ್ತರ ಕೊಟ್ಟಿದ್ದರೆ ಧೈರ್ಯವಾಗುತ್ತಿತ್ತು ಎನ್ನುವ ಧ್ವನಿಯಲ್ಲಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ಅವಳು. ಅರ್ಧ ಗಂಟೆಯಲ್ಲಿ ಸುದ್ದಿ ಅವಳ ಗಂಡನ ಕಿವಿ ಮುಟ್ಟಿತು. ಅಷ್ಟರಲ್ಲಿ ಸುದ್ದಿಯೊಳಗಿನ ಮೇಸ್ತ್ರಿ ಎರಡು ಆಲೂಗಡ್ಡೆಗೆ ಜಗಳ ಬಿಡಿಸಿದ್ದರು.

ಹೇಳಲೇಬೇಕಾದ ಮಾತೆಂದರೆ, ಮರದ ಚಂದ್ರ ಅದ್ಭುತವಾಗಿ ಬಂತು. ದುಂಡಗಿನದಕ್ಕೆ ಲೇತಿನಲ್ಲಿ ಒಂದೇ ನಡು, ಎಂದರೆ ತಿರುಗುವ ಕೇಂದ್ರ, ಸಾಕು. ಇದಕ್ಕೆ ಮೇಸ್ತ್ರಿ ಮರದ ತುಂಡನ್ನು ಮೂರು ಬೇರೆ ಬೇರೆ ನಡುಗಳಲ್ಲಿ ಹಿಡಿದು ತಿರುಗಿಸಿದರು, ಕೊನೆಗೆ ಕೈಯುಳಿಯಲ್ಲಿ ಹನ್ನೊಂದು ತಗ್ಗನ್ನೂ ಆಲೂಗಡ್ಡೆಯಿಂದ ಅಳೆದು ಇಳಿಸಿ, ಹನ್ನೊಂದು ಸಾಲಿಗೂ ಮೇಡಂ ಕೈಲಿ ಸೈನ್ ಹಾಕಿಸಿಕೊಂಡರು. ಆಮೇಲೆ ಚಂದ್ರ, ಆಲೂಗಡ್ಡೆ ಎರಡಕ್ಕೂ ಒಂದೇ ಬೂದು ಬಣ್ಣ ಬಳಿದರು. ಸಾಕ್ಷಿಗೂ ಆರೋಪಿಗೂ ಹೋಲಿಕೆ ನೋಡುವಾಗ ಬಣ್ಣದ ತಕರಾರು ಬರಬಾರದು. ಪಕ್ಕಪಕ್ಕ ಇಟ್ಟರೆ ಸ್ವತಃ ಅವರಿಗೇ ಒಂದು ಗಳಿಗೆ ಗುರುತು ಸಿಗಲಿಲ್ಲ. ಹೆಮ್ಮೆಯಿಂದ ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಆದರೆ ಸೊಟ್ಟಗಿರುವುದನ್ನು ಮಾಡಿ ಹೆಮ್ಮೆಪಡುವುದು ಕಸುಬಿಗೆ ಮರ್ಯಾದೆಯಲ್ಲ ಎಂದು ಕೆಮ್ಮಿ ಉಳಿ ಒರೆಸತೊಡಗಿದರು.

ಸಮಿತಿ ಬರುವ ಹಿಂದಿನ ದಿನ ಅವರು ಸೊಟ್ಟ ಶನಿಯನ್ನೂ ಆಲೂಗಡ್ಡೆ ಚಂದ್ರನನ್ನೂ ಉಳಿದೆಲ್ಲವನ್ನೂ ಹಜಾರದಲ್ಲಿ ತಂತಿಗೆ ತೂಗುಹಾಕಿದರು. ಹದಿಮೂರು ಸೈನು ಎದೆಯ ಜೇಬಿನಲ್ಲಿ. ಸಾಕ್ಷಿ ಊಟದ ಡಬ್ಬಿಯಲ್ಲಿ.

ಸಮಿತಿಯ ಅಧ್ಯಕ್ಷರು ಸೇತುವೆ ಕಟ್ಟಿಸಿ ನಿವೃತ್ತರಾದ ಇಂಜಿನಿಯರು. ಬಲಗೈ ಹೆಬ್ಬೆರಳಿನ ಉಗುರನ್ನು ಉದ್ದಕ್ಕೆ ಬೆಳೆಸಿದ್ದರು. ಗೋಡೆ, ಬಾಗಿಲು, ಬಿಸ್ಕತ್ತು, ಯಾವುದೇ ಇರಲಿ, ಉಗುರು ಒತ್ತಿ ನೋಡಿಯೇ ಅದರ ಯೋಗ್ಯತೆ ಹೇಳುವವರು. ಅವರು ಬಂದರು, ತಲೆ ಎತ್ತಿದರು, ಎಲ್ಲರೂ ತಲೆ ಎತ್ತಿದರು.

ಶನಿ ದುಂಡಗಿತ್ತು. ಮಂಗಳನ ಚಂದ್ರ ಗೋಲಿಯಷ್ಟು ದುಂಡಗಿತ್ತು. ಹದಿನೇಳಕ್ಕೆ ಹದಿನೇಳೂ ಅಪ್ಪಟ ದುಂಡಗೆ, ಬೀರುವಿನಲ್ಲಿದ್ದ ಜೊತೆ!

ಮೇಡಂ ಬಾಯಿಗೆ ಕೈ ಇಟ್ಟುಕೊಂಡರು. ಮೇಸ್ತ್ರಿ ಪಕ್ಕಕ್ಕೆ ತಿರುಗಿದರು. ಕಂಬದ ಹಿಂದೆ ಷಡ್ಡಕ ನಿಂತು ಅವರಿಗೆ ಕಣ್ಣು ಹೊಡೆದ.

"ಚೆನ್ನಾಗಿದೆ," ಎಂದರು ಅಧ್ಯಕ್ಷರು, ಗುರುಗ್ರಹಕ್ಕೆ ಉಗುರು ಒತ್ತುತ್ತಾ. "ದುಂಡಗಿದೆ. ಫೈಬರಿನವರು ಮಾಡಿದ್ರೂ ಇಷ್ಟೇ ದುಂಡಗೆ ಇರುತ್ತೆ. ಹಾಗಾದ್ರೆ ಲೇತ್ ಕೋಣೆ ಯಾಕೆ ನಿರ್ದೇಶಕರೇ?"

"ನೋಡೋಣ ಸಾರ್."

"ಇವು ನನ್ನವಲ್ಲ!" ಎಂದು ಮೇಸ್ತ್ರಿ ಕೂಗಿದರು.

"ಮತ್ತೆ ಯಾರು ಮಾಡಿದ್ದು?"

"ನಾನೇ ಮಾಡಿದ್ದು!"

ಅಧ್ಯಕ್ಷರು ನಿರ್ದೇಶಕರತ್ತ ನೋಡಿದರು. ನಿರ್ದೇಶಕರು ಹಣೆಯ ಹತ್ತಿರ ಬೆರಳನ್ನು ಸಣ್ಣಗೆ ತಿರುಗಿಸಿ ತೋರಿಸಿದರು. ಆಲೂಗಡ್ಡೆ ಸುದ್ದಿ ಅಲ್ಲಿಯವರೆಗೂ ಹೋಗಿತ್ತು.

"ಸಾರ್, ಇದು ತಪ್ಪು," ಎಂದು ಮೇಡಂ ಮುಂದೆ ಬಂದರು. "ಪುಟ್ಟ ಚಂದ್ರ ದುಂಡಗಿದ್ರೆ ನಾನು ಮಕ್ಕಳಿಗೆ ಏನಂತ ಪಾಠ ಮಾಡ್ಲಿ? ದೊಡ್ಡದು ಯಾಕೆ ಉಂಡೆ, ಚಿಕ್ಕದು ಯಾಕೆ ಅಲ್ಲ, ಅದೇ ಅಲ್ವಾ ಈ ಹಜಾರದ ವಿಷಯ?"

"ಹಾಗಾದ್ರೆ ನಿಮ್ಮ ಮೇಸ್ತ್ರಿಗೆ ಅದು ಬರಲ್ಲ ಅಂತಾಯ್ತು."

ಬರಲ್ಲ! ಆ ಮಾತು ಮೇಸ್ತ್ರಿಯ ಎದೆಗೆ ನೇರವಾಗಿ ನೆಟ್ಟಿತು. ಅವರು ಹಿಂದುಮುಂದು ನೋಡದೆ ಊಟದ ಡಬ್ಬಿ ತೆರೆದು, ಬೂದು ಬಣ್ಣದ ಸಾಕ್ಷಿಯನ್ನು ಅಧ್ಯಕ್ಷರ ಅಂಗೈ ಮೇಲಿಟ್ಟರು. ಮಾದರಿ ಎಂದು ಹೇಳಬೇಕೆಂದಿದ್ದರು, ಅಷ್ಟರಲ್ಲಿ ಅಧ್ಯಕ್ಷರು ಅದನ್ನು ಬೆಳಕಿಗೆ ಎತ್ತಿ ಹಿಡಿದಿದ್ದರು.

ಅಧ್ಯಕ್ಷರು ತಿರುಗಿಸಿ ನೋಡಿದರು. ಕನ್ನಡಕ ಬದಲಾಯಿಸಿ ನೋಡಿದರು. "ಇದು! ಇದನ್ನ ಯಾವ ಫೈಬರಿನವನೂ ಮಾಡಲಾರ. ಒಂದು ಕಡೆ ಇದ್ದ ಹಾಗೆ ಇನ್ನೊಂದು ಕಡೆ ಇಲ್ಲ. ಪ್ರಕೃತೀನೇ ಕೂತು ಮಾಡಿದ ಹಾಗಿದೆ!" ಎಂದು ಉಗುರು ಒತ್ತಿದರು. ಉಗುರು ಒಳಗೆ ಹೋಯಿತು. "ಮೆತ್ತಗಿದೆಯಲ್ಲ. ಯಾವ ಮರ?"

ಮೇಸ್ತ್ರಿ ಮರದ ವಿಷಯದಲ್ಲಿ ಜನ್ಮದಲ್ಲಿ ಸುಳ್ಳು ಹೇಳಿದವರಲ್ಲ. "ನೆಲದೊಳಗೆ ಬೆಳೆಯೋದು ಸಾರ್."

"ಓಹೋ, ಬೇರಿನ ಜಾತಿ," ಎಂದು ಅಧ್ಯಕ್ಷರು ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ತಾವೇ ನಿಂತು, ದುಂಡು ಚಂದ್ರನನ್ನು ಇಳಿಸಿ, ಇದನ್ನು ತಂತಿಗೆ ಕಟ್ಟಿಸಿ, ತಂತಿಗೆ ಸೀಸದ ಮುದ್ರೆ ಒತ್ತಿಸಿದರು. "ಇದು ಸಮಿತಿ ಒಪ್ಪಿದ ಮಾದರಿ. ಇದನ್ನ ಯಾರೂ ಮುಟ್ಟಬಾರದು. ಉಳಿದವನ್ನೂ ಹೀಗೇ ನಕ್ಷೆ ಪ್ರಕಾರ ಮಾಡಿ. ಮೂರು ವಾರಕ್ಕೆ ಉದ್ಘಾಟನೆ. ಲೇತ್ ಕೋಣೆ ವಿಷಯ ಅವತ್ತು ತೀರ್ಮಾನ."

ಹೀಗೆ ಎರಡು ಚೀಲದಲ್ಲಿ ಆರಿಸಿದ ಒಂದು ಆಲೂಗಡ್ಡೆ, ಸರಕಾರಿ ಮುದ್ರೆ ಸಮೇತ, ಮಂಗಳನ ಸುತ್ತ ನೆಲೆಯಾಯಿತು. ಅಷ್ಟು ಸಣ್ಣ ವಯಸ್ಸಿನಲ್ಲಿ ಅಷ್ಟು ಎತ್ತರಕ್ಕೆ ಏರಿದ ತರಕಾರಿ ಇನ್ನೊಂದಿಲ್ಲ.

ಮೇಸ್ತ್ರಿ ನೇರವಾಗಿ ಸ್ಟೋರಿಗೆ ನುಗ್ಗಿದರು. "ಕಣ್ಣು ಹೊಡೀತೀಯಾ? ನನ್ನ ಅನ್ನಕ್ಕೆ ಕಲ್ಲು ಹಾಕಿ ಕಣ್ಣು ಬೇರೆ ಹೊಡೀತೀಯಾ?"

ಷಡ್ಡಕನ ಮುಗುಳ್ನಗೆ ಮೊದಲ ಸಲ ಅಳಿಸಿಹೋಯಿತು. ಅವನು ಏಣಿ ಹತ್ತಿ, ಮೇಲಿನ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿದ. ಒಳಗೆ ಹಳೆಯ ಕಂಬಳಿಯಲ್ಲಿ ಸುತ್ತಿದ ಚಪ್ಪಟೆ ಶನಿ, ಮರದ ಚಂದ್ರ, ಎಲ್ಲವೂ ಇದ್ದವು. "ನಿನ್ನೆ ಸಂಜೆ ನೋಡ್ದೆ ಅಣ್ಣ. ಶನಿ ಚಪ್ಪಟೆ, ಚಂದ್ರ ಜಜ್ಜಿದ ಹಾಗೆ. ಅತ್ತಿಗೆ ಬೇರೆ ನೀವು ಆಲೂಗಡ್ಡೆ ಜೊತೆ ಮಾತಾಡ್ತೀರಿ ಅಂದಿದ್ರು. ಕೈ ತಪ್ಪಿದೆ ಅಂದ್ಕೊಂಡೆ. ನಿಮ್ಮ ಬೀರು ತೆಗೆದು ನೋಡಿದ್ರೆ ಒಳ್ಳೇವು ಇದ್ವು. ಮರ್ಯಾದೆ ಉಳೀಲಿ ಅಂತ ಬದಲಾಯಿಸ್ದೆ."

"ಮೊದಲಿನ ಹಾಗೆ ಆಗಲ್ಲ, ಕಣ್ಣು ಅಷ್ಟಕ್ಕಷ್ಟೆ ಅಂತ ಸಾಹೇಬ್ರ ಹತ್ರ ಹೇಳಿದ್ದು?"

"ನಿಮ್ಮ ಲೇತಿನ ಮೇಲೆ ಒಂದು ಒಳ್ಳೆ ದೀಪ ಹಾಕ್ಸಿ ಅಂತ ಕೇಳ್ತಿದ್ದೆ. ಎರಡು ವರ್ಷದಿಂದ ಕೇಳ್ತಿದ್ದೀನಿ. ನೋಡೋಣ ಅಂತಾರೆ."

ಮೇಸ್ತ್ರಿ ಪೆಟ್ಟಿಗೆಯ ಅಂಚಿನ ಮೇಲೆ ಕೂತುಬಿಟ್ಟರು. ಕಂಬಳಿ ಮಡಿಸಿದ ರೀತಿ ನೋಡಿದರು. ಒಂದಕ್ಕೊಂದು ತಾಗಿ ಬಣ್ಣ ಕೆಡದ ಹಾಗೆ ನಡುನಡುವೆ ಹತ್ತಿ ಇಟ್ಟಿದ್ದ. ಕಣ್ಣು ತುಂಬಿ ಬಂತು. ಆದರೂ ಇಪ್ಪತ್ತೆಂಟು ವರ್ಷದ ಅಭ್ಯಾಸ ಒಂದೇ ದಿನಕ್ಕೆ ಬಿಡುವುದಿಲ್ಲ. ಮನುಷ್ಯ ಇಷ್ಟು ಒಳ್ಳೆಯವನಾಗಿರಬೇಕಾದರೆ ಒಳಗೆ ಏನೋ ಕಾರಣ ಇದ್ದೇ ಇರಬೇಕು ಎಂದುಕೊಂಡರು.

ಶನಿ ಮತ್ತು ಉಳಿದವು ತಮ್ಮ ಜಾಗಕ್ಕೆ ಬಂದವು. ಮರದ ಚಂದ್ರನಿಗೆ ಮಾತ್ರ ಜಾಗವಿರಲಿಲ್ಲ. ಮುದ್ರೆ ಒಡೆದರೆ ಅಪರಾಧ, ಒಡೆಯದಿದ್ದರೆ ಆಲೂಗಡ್ಡೆ. ಮೇಸ್ತ್ರಿ ಅದನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಮೂರು ವಾರ ಒಂದು ಕಡೆ ವಾಲಿ ನಡೆದರು. ದಿನಕ್ಕೆ ನಾಲ್ಕು ಸಲ ಹಜಾರಕ್ಕೆ ಹೋಗಿ ತಲೆ ಎತ್ತಿ ನೋಡಿ ಬರುತ್ತಿದ್ದರು. ಕಾವಲುಗಾರ ಇವರ ಮೇಲೆ ಕಣ್ಣಿಟ್ಟ, ಇವರು ಕಾವಲುಗಾರನ ಮೇಲೆ ಕಣ್ಣಿಟ್ಟರು. ಹಜಾರದ ದೀಪಗಳು ಬೆಚ್ಚಗೆ ಉರಿಯುತ್ತಲೇ ಇದ್ದವು.

ಉದ್ಘಾಟನೆಗೆ ನೌಕರರ ಮನೆಯವರೆಲ್ಲ ಬಂದಿದ್ದರು. ಮೇಸ್ತ್ರಿಯ ಹೆಂಡತಿಯೂ ತಂಗಿಯೂ ಮುಂದಿನ ಸಾಲಿನಲ್ಲೇ. ಮೇಡಂ ಉದ್ದನೆಯ ಕೋಲು ಹಿಡಿದು ವಿವರಿಸುತ್ತಿದ್ದರು. "ಶನಿ ನೋಡಿ, ತಿರುಗೋ ರಭಸಕ್ಕೆ ಸೊಂಟ ಉಬ್ಬಿದೆ. ಇದು ಮಂಗಳನ ಚಂದ್ರ. ತೂಕ ಸಾಲದೆ ಉಂಡೆ ಆಗಿಲ್ಲ. ಇಲ್ಲಿ ಗಾಳಿ ಇಲ್ಲ, ನೀರಿಲ್ಲ, ಜೀವ ಅನ್ನೋದು ಇಲ್ಲವೇ ಇಲ್ಲ."

"ಮೊಳಕೆ ಬಂದಿದೆಯಲ್ಲ," ಎಂದಳು ಮೇಸ್ತ್ರಿಯ ಹೆಂಡತಿ.

ಎಲ್ಲರೂ ಬಗ್ಗಿ, ವಾಲಿ, ಕುತ್ತಿಗೆ ಚಾಚಿ ನೋಡಿದರು. ಬೂದು ಬಣ್ಣದ ಚಂದ್ರನ ಹೊಟ್ಟೆಯಿಂದ, ತಗ್ಗು ನಂಬರು ಏಳರಲ್ಲಿ, ಬೆಳ್ಳಗಿನ ಮೊಳಕೆಯೊಂದು ಮಂಗಳನ ಕಡೆಗೆ ಕೈ ಚಾಚಿತ್ತು.

ಹೆಂಡತಿ ಇನ್ನೂ ಸ್ವಲ್ಪ ಹತ್ತಿರ ಹೋದಳು. ಮೂವತ್ತು ವರ್ಷ ಅಡುಗೆಮನೆ ನೋಡಿಕೊಂಡವಳ ಕಣ್ಣು ಅದು. "ರೀ," ಎಂದು ಎಲ್ಲರ ಮುಂದೆ ಕೂಗಿ ಹೇಳಿದಳು, "ಈ ಚಂದ್ರ ನಮ್ಮನೇದು!"

ಅಧ್ಯಕ್ಷರ ಮುಖ ಮಂಗಳನ ಬಣ್ಣಕ್ಕೆ ತಿರುಗಿತು. "ಆಲೂಗಡ್ಡೆ! ಸಮಿತಿಗೆ ಆಲೂಗಡ್ಡೆ ತೋರಿಸಿ ಮುದ್ರೆ ಹಾಕಿಸ್ಕೊಂಡ್ರಾ? ನಿರ್ದೇಶಕರೇ, ಲೇತ್ ಕೋಣೆಗೆ ಇವತ್ತೇ ಬೀಗ!"

"ನೋಡೋಣ ಸಾರ್," ಎಂದರು ನಿರ್ದೇಶಕರು, ಬೀಗ ಹುಡುಕಲು ಜೇಬು ತಡಕುತ್ತಾ.

"ಸಾರ್, ಒಂದು ನಿಮಿಷ!" ಷಡ್ಡಕ ಕಂಬದ ಹಿಂದಿನಿಂದ ಹಾರಿ ಬಂದು ಮೇಸ್ತ್ರಿಯ ಪ್ಯಾಂಟಿನ ಜೇಬಿಗೆ ಕೈ ಹಾಕಿದ. ಮೇಸ್ತ್ರಿ "ಏಯ್, ಏಯ್!" ಎನ್ನುವಷ್ಟರಲ್ಲಿ ಮರದ ಚಂದ್ರ ಹೊರಗೆ ಬಂತು. "ನಮ್ಮಣ್ಣ ಮಾಡಿದ್ದು ಇದು. ಅದು ಬರೀ ಮಾದರಿ."

ಅಧ್ಯಕ್ಷರು ಅದನ್ನು ಕಿತ್ತುಕೊಂಡು ನೋಡಿದರು, ಮೇಲೆ ತೂಗುತ್ತಿದ್ದುದನ್ನು ನೋಡಿದರು. ಅದೇ ಉಬ್ಬು, ಅದೇ ತಗ್ಗು, ತುದಿಯಲ್ಲಿ ಅದೇ ಸಣ್ಣ ಮೂತಿ. "ಒಂದು ಸಾಲದು ಅಂತ ಇನ್ನೊಂದು ಆಲೂಗಡ್ಡೆ ತಂದಿದ್ದೀರಾ?" ಎಂದು ಗುಡುಗಿ, ಎಲ್ಲರೂ ನೋಡಲಿ ಎಂದು ಎತ್ತಿ ಹಿಡಿದು, ಇದ್ದ ಸಿಟ್ಟನ್ನೆಲ್ಲ ಹಾಕಿ ಹೆಬ್ಬೆರಳಿನ ಉಗುರು ಒತ್ತಿದರು.

ಟಕ್ ಎಂದಿತು.

ಸೇತುವೆಗಳನ್ನೇ ಪರೀಕ್ಷಿಸಿದ ಉಗುರು ಬುಡದಿಂದ ಮುರಿದು ಶನಿಯ ಬಳೆಗೆ ತಾಗಿ ಕೆಳಗೆ ಬಿತ್ತು. ಅಧ್ಯಕ್ಷರು ಬೋಳು ಹೆಬ್ಬೆರಳನ್ನು ನೋಡಿಕೊಂಡರು. ಬೈಯಲು ಬಾಯಿ ತೆರೆದರು. ಆದರೆ ಕೈಯಲ್ಲಿದ್ದುದು ಮತ್ತೆ ಅವರ ಕಣ್ಣಿಗೆ ಬಿತ್ತು, ಬೈಗುಳ ಅಲ್ಲೇ ನಿಂತಿತು.

"ಇದು ಮರ," ಎಂದರು ಮೆಲ್ಲಗೆ.

"ಹೌದು ಸಾರ್."

"ಲೇತಲ್ಲಿ ಮಾಡಿದ್ದಾ?"

"ಮೂರು ನಡು ಇಟ್ಟು. ಆಮೇಲೆ ಕೈಯುಳಿ. ಹನ್ನೊಂದು ತಗ್ಗಿಗೂ ಲೆಕ್ಕ ಇದೆ ಸಾರ್, ಸೈನ್ ಕೂಡ ಇದೆ," ಎಂದು ಮೇಸ್ತ್ರಿ ಜೇಬಿನಿಂದ ಕಾಗದ ತೆಗೆದರು.

ಅಧ್ಯಕ್ಷರು ಕಾಗದ ನೋಡಲಿಲ್ಲ. ಚಂದ್ರನನ್ನು ಬೆರಳಿನಲ್ಲಿ ಸವರಿದರು. "ನಲವತ್ತು ವರ್ಷದಲ್ಲಿ ನನ್ನ ಉಗುರಿಗೆ ಯಾರೂ ಮೋಸ ಮಾಡಿರಲಿಲ್ಲ ಮೇಸ್ತ್ರಿ," ಎಂದರು. "ನಿರ್ದೇಶಕರೇ, ಲೇತ್ ಕೋಣೆ ಇರುತ್ತೆ. ಈ ಮನುಷ್ಯ ಅಲ್ಲೇ ಇರ್ತಾರೆ."

"ನೋಡೋಣ ಸಾರ್."

"ನೋಡಿ ಆಯ್ತು!" ಎಂದರು ಅಧ್ಯಕ್ಷರು.

"ಮತ್ತೆ ಒಂದು ದೀಪ ಸಾರ್," ಎಂದು ಷಡ್ಡಕ ಹಿಂದಿನಿಂದ ಹೇಳಿದ. ಅದೂ ಮಂಜೂರಾಯಿತು. ಮೇಸ್ತ್ರಿ ಅವನ ಕೈ ಹಿಡಿದುಕೊಂಡರು, ಗಟ್ಟಿಯಾಗಿ, ಎಲ್ಲರ ಮುಂದೆ. ಹೆಂಗಸರಿಬ್ಬರೂ ಮೂಗು ಒರೆಸಿಕೊಂಡರು.

ಮುದ್ರೆ ಒಡೆದು ಇಳಿಸಿದ ಆಲೂಗಡ್ಡೆಯನ್ನು ಹೆಂಡತಿ ಕೈಚೀಲಕ್ಕೆ ಹಾಕಿಕೊಂಡು ಮನೆಗೆ ತಂದಳು. "ಮೊಳಕೆ ಬಂದದ್ದನ್ನ ಬೇಯಿಸಬಾರದು," ಎಂದು ಮಹಡಿಯ ಮೂಲೆಯಲ್ಲಿ ಹಳೆಯ ಬಣ್ಣದ ಡಬ್ಬಿಯಲ್ಲಿ ಮಣ್ಣು ತುಂಬಿ ನೆಟ್ಟಳು. ಹೊಸ ದೀಪದ ಕೆಳಗೆ ಕೆಲಸ ಮಾಡಿ ಬಂದ ಮೇಸ್ತ್ರಿ ದಿನವೂ ಅದಕ್ಕೆ ಒಂದು ಲೋಟ ನೀರು ಹಾಕುತ್ತಿದ್ದರು. ಜಗತ್ತಿನಲ್ಲಿ ಎಲ್ಲರನ್ನೂ ಅನುಮಾನಿಸಬೇಕಾಗಿಲ್ಲ ಎಂದು ಆ ದಿನಗಳಲ್ಲಿ ಅವರು ಎರಡು ಮೂರು ಸಲ ಹೇಳಿದ್ದನ್ನು ಪಕ್ಕದ ಮನೆಯವರೇ ಕೇಳಿದ್ದಾರೆ. ಟೋಪಿ ಮಾತ್ರ ತೆಗೆಯಲಿಲ್ಲ.

ಮೂರು ತಿಂಗಳ ಮೇಲೆ ಒಂದು ಭಾನುವಾರ ಡಬ್ಬಿ ಬಗ್ಗಿಸಿದರು. ಏಳು ಗಡ್ಡೆ ಬಿದ್ದವು. ಮೊದಲನೆಯದು ಸೊಟ್ಟಗಿತ್ತು. "ತೂಕ ಸಾಲದು, ಪಾಪ," ಎಂದರು ಮೇಸ್ತ್ರಿ ಪ್ರೀತಿಯಿಂದ. ಎರಡನೆಯದೂ ಸೊಟ್ಟ, ಮೂರನೆಯದೂ ಸೊಟ್ಟ. ಆರರವರೆಗೂ ಮೇಡಂ ಹೇಳಿದ ಮಾತು ಸುಳ್ಳಾಗಲಿಲ್ಲ. ಏಳನೆಯದನ್ನು ಅವರು ಪಂಚೆಗೆ ಒರೆಸಿ ಹಿಡಿದರು. ಕಣ್ಣು ಕಿರಿದಾಯಿತು. ಎಡಜೇಬಿನಿಂದ ಕ್ಯಾಲಿಪರ್ ಹೊರಬಂತು.

ಅಡ್ಡ ಅಳೆದರು. ಉದ್ದ ಅಳೆದರು. ಓರೆಯಾಗಿ ನಾಲ್ಕು ಕಡೆ ಅಳೆದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹೆಬ್ಬೆಟ್ಟಿನಷ್ಟು ಆಲೂಗಡ್ಡೆ, ಅಪ್ಪಟ ದುಂಡಗೆ, ಲೇತಿನಿಂದ ಈಗಷ್ಟೇ ಇಳಿಸಿದ ಹಾಗೆ. ಮೇಸ್ತ್ರಿ ಬೆಳಕಿಗೆ ಹಿಡಿದು ಉಳಿಯ ಗುರುತು ಹುಡುಕಿದರು. ಆಮೇಲೆ ಮಂಡಿಯೂರಿ ಕೂತು, ಚೆಲ್ಲಿದ ಮಣ್ಣನ್ನೆಲ್ಲ ಬೆರಳಿನಿಂದ ಕೆದಕಿ ಕೆದಕಿ ನೋಡಿದರು.

"ಏನ್ರೀ ಹುಡುಕ್ತಿದ್ದೀರಿ?" ಎಂದು ಹೆಂಡತಿ ಒಳಗಿನಿಂದ ಕೇಳಿದಳು.

"ಹೊಟ್ಟು," ಎಂದರು ಮೇಸ್ತ್ರಿ. ಆಮೇಲೆ ದನಿ ತಗ್ಗಿಸಿ ಕೇಳಿದರು: "ನಿನ್ನೆ ನಾನಿಲ್ಲದಾಗ ನಿನ್ನ ತಂಗಿ ಗಂಡ ಇಲ್ಲಿಗೇನಾದ್ರೂ ಬಂದಿದ್ನಾ?"